ಆಟಿಕೆಯ ವ್ಯಾಪಾರ ಮತ್ತು ಮನೆಯ ಹಿರಿತನ

ನದಿಯ ಮೂಲವನ್ನೂ ಋಷಿಯ ಮೂಲವನ್ನೂ ಕೇಳಬಾರದೆಂಬುದು ಹಿರಿಯರ ಮಾತು. ಹೇಮಾವತಿಯ ಉಗಮಸ್ಥಾನವೆಂದು ಹೆಸರಾದ ಮೂಡಿಗೆರೆ ತಾಲ್ಲೂಕಿನ ಜಾವಳಿಯ ಸುತ್ತಮುತ್ತ ಕಾಫಿ ಬೆಳೆಯುವವರೂ ಕಾಫಿ ಕೊಳ್ಳುವವರೂ ಈ ಮಾತನ್ನು ಬಲ್ಲರು. ಆದರೆ ವ್ಯಾಪಾರಕ್ಕೆ ಕುಳಿತಾಗ ಅವರು ಅದನ್ನು ಪಾಲಿಸುವುದಿಲ್ಲ, ಪಾಲಿಸಲೂಬಾರದು. ಮೂಟೆ ಯಾವ ತೋಟದ್ದು, ಅರೇಬಿಕಾವೋ ರೋಬಸ್ಟಾವೋ, ಪಾರ್ಚ್‌ಮೆಂಟೋ ಚೆರ್ರಿಯೋ ಎಂದು ವಿಚಾರಿಸದೆ ಯಾರೂ ಹಣ ಎಣಿಸುವುದಿಲ್ಲ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತದ್ದೂ ಸರಕಿನ ಮೂಲಕ್ಕೆ ಬೆಲೆಯಿದೆಯೆಂಬ ಕಾರಣಕ್ಕಾಗಿಯೇ. ಪುಡಿಗೆ ಚಿಕೋರಿ ಬೆರೆಸಿದರೆ ಅದರ ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂಬ ನಿಯಮವೂ ಇದೇ ನ್ಯಾಯದ್ದು.

ಹೀಗೆ ಒಂದು ಲೋಟ ಕಾಫಿಯ ಮೂಲವನ್ನು ಕೇಳುವ ಗೃಹಸ್ಥನು ಮೊಮ್ಮಗುವಿನ ಕೈಗೆ ಕೊಡುವ ಆಟಿಕೆಯ ಮೂಲವನ್ನು ಕೇಳುವುದು ವಿರಳ. ಆಟಿಕೆಯೆಂದರೆ ಅಲ್ಪವಸ್ತು, ಎರಡು ದಿನ ಆಡಿ ಮುರಿಯುವಂಥದು ಎಂಬ ಭಾವನೆಯೇ ಇದಕ್ಕೆ ಕಾರಣವಿರಬಹುದು. ಆದರೆ ಈ ಅಲ್ಪವಸ್ತುವಿನ ಹಿಂದೆ ಅಲ್ಪವಲ್ಲದ ಸ್ಪರ್ಧೆಗಳಿವೆ, ದಶಕಗಳ ವ್ಯಾಜ್ಯಗಳಿವೆ, ಸಹೋದರರ ವಿಭಾಗಗಳಿವೆ. ಅವುಗಳನ್ನು ಪರಿಶೀಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವ್ಯಾಪಾರಿ ಮನೆತನದ ಹಿರಿಯನಿಗೆ ಮೂರು ಸಂದರ್ಭಗಳಲ್ಲಿ ಪರೀಕ್ಷೆ ಎದುರಾಗುತ್ತದೆ: ಪರರ ವಸ್ತುವನ್ನು ನೋಡಿ ತನ್ನದನ್ನು ಮಾಡುವಾಗ, ಲೆಕ್ಕ ಬರೆಯುವಾಗ, ಮನೆ ಭಾಗವಾಗುವಾಗ. ಪ್ರತಿಸ್ಪರ್ಧಿಯಿಂದ ಒದಗುವ ಹಾನಿಗಿಂತ ಈ ಮೂರರಲ್ಲಿ ತಪ್ಪಿದ ಹಾನಿಯೇ ಹೆಚ್ಚು ಕಾಲ ಉಳಿಯುತ್ತದೆ.

ಮೊದಲನೆಯ ಉದಾಹರಣೆ ಡೆನ್ಮಾರ್ಕ್ ದೇಶದ್ದು. ಅಲ್ಲಿನ ಬಿಲ್ಲುಂಡ್ ಎಂಬ ಹಳ್ಳಿಯಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸನ್ ಎಂಬ ಬಡಗಿಯು 1932ರಲ್ಲಿ ಮರದ ಆಟಿಕೆಗಳನ್ನು ಮಾಡತೊಡಗಿದನು. 1934ರಲ್ಲಿ ಅವಕ್ಕೆ ಲೆಗೊ ಎಂಬ ಹೆಸರಿಟ್ಟನು. ಆ ಮನೆತನದವರೇ ಹೇಳಿಕೊಂಡು ಬಂದಿರುವ ಪ್ರಸಂಗವೊಂದಿದೆ. ಮಗ ಗಾಟ್‌ಫ್ರೆಡ್ ಮರದ ಬಾತುಕೋಳಿಗಳಿಗೆ ಮೂರು ಬಾರಿ ಬಳಿಯಬೇಕಾದ ವಾರ್ನಿಷನ್ನು ಎರಡೇ ಬಾರಿ ಬಳಿದು, ಸರಕನ್ನು ರೈಲು ನಿಲ್ದಾಣಕ್ಕೆ ಮುಟ್ಟಿಸಿ ಬಂದು, ಇಷ್ಟು ಹಣ ಉಳಿಸಿದೆನೆಂದು ತಂದೆಗೆ ಹೆಮ್ಮೆಯಿಂದ ತಿಳಿಸಿದನು. ತಂದೆಯು ಮೆಚ್ಚಲಿಲ್ಲ. ಪೆಟ್ಟಿಗೆಗಳನ್ನು ಹಿಂದಕ್ಕೆ ತರಿಸಿ, ಮೂರನೆಯ ಲೇಪವನ್ನು ಮಗನ ಕೈಯಿಂದಲೇ ಬಳಿಸಿದನು. ಕೊಳ್ಳುವವರಿಗೆ ಕೊರತೆ ಕಾಣುತ್ತಿರಲಿಲ್ಲ ನಿಜ. ಕಾಣದ ಕಡೆಯಲ್ಲಿ ಕಡಿಮೆ ಮಾಡಬಾರದೆಂಬುದೇ ಆ ಪಾಠ. ಹೀನಾಧಿಕ ಮಾನೋನ್ಮಾನವೆಂದು ಶ್ರಾವಕಾಚಾರವು ಹೇಳುವ ದೋಷವು ತಕ್ಕಡಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯುವವರು ಈ ವಾರ್ನಿಷಿನ ಪ್ರಸಂಗವನ್ನು ಮನನ ಮಾಡಬೇಕು.

ಆದರೆ ಇದೇ ಮನೆತನದ ಇತಿಹಾಸದಲ್ಲಿ ಇನ್ನೊಂದು ಪುಟವಿದೆ. ಎರಡನೆಯ ಮಹಾಯುದ್ಧದ ನಂತರ ಪ್ಲಾಸ್ಟಿಕ್ ಅಚ್ಚಿನ ಯಂತ್ರವನ್ನು ಕೊಂಡ ತಂದೆ ಮಕ್ಕಳಿಗೆ ಇಂಗ್ಲೆಂಡಿನ ಹಿಲರಿ ಫಿಶರ್ ಪೇಜ್ ಎಂಬಾತನು ಕಿಡಿಕ್ರಾಫ್ಟ್ ಹೆಸರಿನಲ್ಲಿ ಮಾಡುತ್ತಿದ್ದ ಜೋಡಣೆಯ ಇಟ್ಟಿಗೆಗಳ ಮಾದರಿ ದೊರೆಯಿತು. 1949ರಲ್ಲಿ ಬಿಲ್ಲುಂಡಿನಿಂದ ಹೊರಬಂದ ಇಟ್ಟಿಗೆಗಳಿಗೆ ಆ ಮಾದರಿಯೇ ಆಧಾರವಾಗಿತ್ತು. ಪೇಜ್ 1957ರಲ್ಲಿ ತೀರಿಕೊಂಡನು. 1958ರಲ್ಲಿ ಗಾಟ್‌ಫ್ರೆಡ್ ಒಳಭಾಗದಲ್ಲಿ ಕೊಳವೆಗಳಿರುವ ಹೊಸ ಜೋಡಣೆಗೆ ಪೇಟೆಂಟ್ ಪಡೆದನು. ಇಟ್ಟಿಗೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದದ್ದು ಈ ಸುಧಾರಣೆಯಿಂದ, ಅದು ಅವನದೇ ಮನೆಯ ದುಡಿಮೆ. ಕಿಡಿಕ್ರಾಫ್ಟ್ ಇಟ್ಟಿಗೆಯ ಹಕ್ಕುಗಳನ್ನು ಲೆಗೊ ಸಂಸ್ಥೆಯು ಹಣ ಕೊಟ್ಟು ಕೊಂಡದ್ದು 1981ರಲ್ಲಿ. ಅಷ್ಟು ಹೊತ್ತಿಗೆ ಮೂಲ ಕರ್ತೃವು ಗತಿಸಿ 24 ವರ್ಷಗಳು ಸಂದಿದ್ದವು.

ತರುವಾಯ ಪಾತ್ರಗಳು ಬದಲಾದವು. ಪೇಟೆಂಟಿನ ಅವಧಿ ಮುಗಿದಂತೆ ಇತರರು ಲೆಗೊ ಇಟ್ಟಿಗೆಗೆ ಹೊಂದುವ ಇಟ್ಟಿಗೆಗಳನ್ನು ಮಾಡತೊಡಗಿದರು. ಅಮೆರಿಕದ ಟೈಕೊ ಸಂಸ್ಥೆಯ ವಿರುದ್ಧ ಹೂಡಿದ ವ್ಯಾಜ್ಯದಲ್ಲಿ 1988ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಲೆಗೊ ವಾದವನ್ನು ಒಪ್ಪಲಿಲ್ಲ. ಕೆನಡಾದಲ್ಲಿ ರಿತ್ವಿಕ್ ಎಂಬ ಕುಟುಂಬ ಸಂಸ್ಥೆಯ ಮೆಗಾ ಬ್ಲಾಕ್ಸ್ ವಿರುದ್ಧದ ವ್ಯಾಜ್ಯವೂ 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಪರರ ಮಾದರಿಯಿಂದ ಆರಂಭಿಸಿದವರು ತಮ್ಮ ಮಾದರಿಯ ರಕ್ಷಣೆಗಾಗಿ ದೇಶದೇಶಗಳ ನ್ಯಾಯಾಲಯಗಳನ್ನು ಹತ್ತಬೇಕಾಯಿತು. ಕಲಿಯುವುದು ತಪ್ಪಲ್ಲ, ಕಲೆಯೆಲ್ಲವೂ ಒಬ್ಬರಿಂದೊಬ್ಬರಿಗೆ ಬಂದದ್ದೇ. ಕಲಿತವನು ಯಾರಿಂದ ಕಲಿತೆನೆಂದು ಹೇಳಿ, ಅವನ ಪಾಲನ್ನು ಅವನು ಬದುಕಿರುವಾಗಲೇ ಸಲ್ಲಿಸಿದರೆ ಅದು ವಿದ್ಯೆ. ಹೇಳದಿದ್ದರೆ ಅದೇ ಋಣ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನೂ ಎಣಿಸಿದೆ. ಅಸಲಿನಂತೆ ಕಾಣುವುದನ್ನು ಅಸಲೆಂದು ಮಾರುವುದೇ ಅದರ ಸ್ಥೂಲಾರ್ಥ. ಕಾನೂನು ಕೈಬಿಟ್ಟ ಎಷ್ಟೋ ಕಡೆಗಳಲ್ಲಿಯೂ ಈ ಅತಿಚಾರದ ಪ್ರಶ್ನೆ ಉಳಿದೇ ಇರುತ್ತದೆ.

ಎರಡನೆಯ ಉದಾಹರಣೆ ಅಮೆರಿಕದ ಮ್ಯಾಟೆಲ್ ಸಂಸ್ಥೆಯದು. 1945ರಲ್ಲಿ ಆರಂಭವಾದ ಈ ಸಂಸ್ಥೆಯನ್ನು ಬೆಳೆಸಿದವರು ರೂತ್ ಹ್ಯಾಂಡ್ಲರ್ ಮತ್ತು ಎಲಿಯಟ್ ಹ್ಯಾಂಡ್ಲರ್ ದಂಪತಿಗಳು. 1959ರಲ್ಲಿ ಅವರು ಮಾರುಕಟ್ಟೆಗೆ ತಂದ ಬಾರ್ಬಿ ಗೊಂಬೆಗೆ ಮಗಳು ಬಾರ್ಬರಾಳ ಹೆಸರಿಟ್ಟರು. ಆದರೆ ಗೊಂಬೆಯ ರೂಪಕ್ಕೆ ಪ್ರೇರಣೆಯಾದದ್ದು ರೂತ್ ಅವರು ಯುರೋಪ್ ಪ್ರವಾಸದಲ್ಲಿ ಕಂಡ ಲಿಲಿ ಎಂಬ ಜರ್ಮನ್ ಗೊಂಬೆ. ಲಿಲಿಯ ಪರವಾಗಿ 1961ರಲ್ಲಿ ದಾವೆ ಬಂತು, 1963ರಲ್ಲಿ ಮುಕ್ತಾಯವಾಯಿತು, 1964ರಲ್ಲಿ ಮ್ಯಾಟೆಲ್ ಲಿಲಿಯ ಹಕ್ಕುಗಳನ್ನೇ ಕೊಂಡುಕೊಂಡಿತು. ನಾಲ್ಕು ದಶಕಗಳ ತರುವಾಯ ಬ್ರಾಟ್ಜ್ ಎಂಬ ಪ್ರತಿಸ್ಪರ್ಧಿ ಗೊಂಬೆಯು ತನ್ನ ನೌಕರನೊಬ್ಬನ ಕಲ್ಪನೆಯಿಂದ ಹುಟ್ಟಿದ್ದೆಂದು ಮ್ಯಾಟೆಲ್ 2004ರಲ್ಲಿ ವ್ಯಾಜ್ಯ ಹೂಡಿತು. 2008ರಲ್ಲಿ ಜೂರಿಯ ತೀರ್ಪು ಮ್ಯಾಟೆಲ್ ಪರವಾಗಿತ್ತು. 2010ರಲ್ಲಿ ಮೇಲ್ಮನವಿ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. 2011ರಲ್ಲಿ ಎರಡನೆಯ ಜೂರಿಯು ಪ್ರತಿವಾದಿಯ ಪರವಾಗಿ ನಿಂತಿತು. ಹುಡುಗಿಯರು ಆಡುವ ಗೊಂಬೆ ಯಾರದೆಂಬ ಪ್ರಶ್ನೆಗೆ ಏಳು ವರ್ಷಗಳೂ ಅಪಾರ ಹಣವೂ ವ್ಯಯವಾದವು.

ಈ ಮನೆತನವು ಅಧಿಕಾರ ಕಳೆದುಕೊಂಡದ್ದು ಮಾತ್ರ ಪ್ರತಿಸ್ಪರ್ಧಿಯಿಂದಲ್ಲ. 1970ರ ದಶಕದ ಆರಂಭದಲ್ಲಿ ಲಾಭ ಕುಸಿದಾಗ ಸಂಸ್ಥೆಯ ಲೆಕ್ಕಪತ್ರಗಳಲ್ಲಿ ಮಾರಾಟವನ್ನು ಹೆಚ್ಚಿಸಿ ತೋರಿಸಲಾಯಿತೆಂಬುದು ತನಿಖೆಯಲ್ಲಿ ಹೊರಬಂದಿತು. ರೂತ್ ಹ್ಯಾಂಡ್ಲರ್ 1975ರಲ್ಲಿ ಸಂಸ್ಥೆಯನ್ನು ತೊರೆದರು. 1978ರಲ್ಲಿ ತಮ್ಮ ಮೇಲಿನ ಆರೋಪಗಳನ್ನು ಅವರು ನ್ಯಾಯಾಲಯದಲ್ಲಿ ವಿರೋಧಿಸಲಿಲ್ಲ. 57,000 ಡಾಲರ್ ದಂಡ ಮತ್ತು 2,500 ಗಂಟೆಗಳ ಸಮಾಜಸೇವೆ ಶಿಕ್ಷೆಯಾಯಿತು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹ, ಏಕೆ ಪ್ರತ್ಯೇಕವಾಗಿ ನಿಂತಿದೆಯೆಂಬುದಕ್ಕೆ ಇದಕ್ಕಿಂತ ನೇರವಾದ ವ್ಯಾಖ್ಯಾನ ಬೇಕಿಲ್ಲ. ಬಾಯಿಮಾತಿನ ಸುಳ್ಳು ಆ ಕ್ಷಣಕ್ಕೆ ಮುಗಿಯಬಹುದು. ಖಾತೆಗೆ ಏರಿದ ಸುಳ್ಳನ್ನು ಕಾಪಾಡಲು ಮುಂದಿನ ವರ್ಷವೂ ಸುಳ್ಳೇ ಬರೆಯಬೇಕಾಗುತ್ತದೆ. ಅಂಗಡಿಯ ಖಾತೆಗೂ ಬಸದಿಯ ಟ್ರಸ್ಟಿನ ಖಾತೆಗೂ ಈ ಮಾತು ಸಮಾನ.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆಗೂ ಆಟಿಕೆಯ ಜಗತ್ತಿನಲ್ಲಿ ನಿದರ್ಶನವಿದೆ. ಅಮೆರಿಕದ ರೋಡ್ ಐಲೆಂಡಿನಲ್ಲಿ 1923ರಲ್ಲಿ ಹಾಸೆನ್‌ಫೆಲ್ಡ್ ಸಹೋದರರು ಬಟ್ಟೆಯ ತುಂಡುಗಳ ವ್ಯಾಪಾರದಿಂದ ಆರಂಭಿಸಿ, ಪೆನ್ಸಿಲ್ ಡಬ್ಬಿಗಳಿಗೂ ಪೆನ್ಸಿಲುಗಳಿಗೂ ಬಂದು, ಕೊನೆಗೆ ಆಟಿಕೆಗಳನ್ನು ಹಿಡಿದರು. ಅದೇ ಮುಂದೆ ಹ್ಯಾಸ್‌ಬ್ರೊ ಎಂದು ಪ್ರಸಿದ್ಧವಾಯಿತು. ಎರಡನೆಯ ತಲೆಮಾರಿನಲ್ಲಿ ಮೆರಿಲ್ ಆಟಿಕೆಯನ್ನೂ ಅವನ ಸಹೋದರ ಹೆರಾಲ್ಡ್ ಪೆನ್ಸಿಲನ್ನೂ ನೋಡಿಕೊಳ್ಳುತ್ತಿದ್ದರು. ಪೆನ್ಸಿಲಿನ ಲಾಭವು ಆಟಿಕೆಯ ವಿಭಾಗಕ್ಕೆ ಹರಿಯುತ್ತದೆಯೆಂಬ ಅಸಮಾಧಾನ ಹೆರಾಲ್ಡ್‌ಗಿತ್ತು. 1979ರಲ್ಲಿ ಮೆರಿಲ್ ತೀರಿಕೊಂಡು ಮಗ ಸ್ಟೀಫನ್ ಅಧಿಕಾರಕ್ಕೆ ಬಂದಾಗ, ಹೆರಾಲ್ಡ್ ಅವನ ಹಿರಿತನವನ್ನು ಒಪ್ಪಲಿಲ್ಲ. 1980ರಲ್ಲಿ ಪೆನ್ಸಿಲ್ ಸಂಸ್ಥೆ ಬೇರೆಯಾಯಿತು, ಅದನ್ನು ಹೆರಾಲ್ಡ್ ನಡೆಸಿದನು. ಆಟಿಕೆಯ ಸಂಸ್ಥೆ ಸ್ಟೀಫನ್‌ನಲ್ಲಿ ಉಳಿಯಿತು. 1989ರಲ್ಲಿ ಸ್ಟೀಫನ್ ಮರಣಾನಂತರ ತಮ್ಮ ಅಲನ್ ಮುಂದುವರಿಸಿದನು. 1996ರಲ್ಲಿ ಮ್ಯಾಟೆಲ್ ಸುಮಾರು 520 ಕೋಟಿ ಡಾಲರುಗಳಿಗೆ ಹ್ಯಾಸ್‌ಬ್ರೊವನ್ನು ಕೊಳ್ಳಲು ಬಂದಾಗ ಅಲನ್ ಒಪ್ಪಲಿಲ್ಲ; ಮ್ಯಾಟೆಲ್ ಹಿಂದೆ ಸರಿಯಿತು.

ಬಿಲ್ಲುಂಡಿನಲ್ಲಿಯೂ ಇಂಥದೇ ವಿಭಾಗ ನಡೆದಿತ್ತು. 1960ರಲ್ಲಿ ಮರದ ಆಟಿಕೆಗಳ ಉಗ್ರಾಣಕ್ಕೆ ಬೆಂಕಿ ಬಿದ್ದ ಮೇಲೆ ಗಾಟ್‌ಫ್ರೆಡ್ ಮರವನ್ನು ಬಿಟ್ಟು ಪ್ಲಾಸ್ಟಿಕ್ ಇಟ್ಟಿಗೆಯನ್ನೇ ನೆಚ್ಚಿದನು. ಅದನ್ನೊಪ್ಪದ ಇಬ್ಬರು ಸಹೋದರರು ತಮ್ಮ ಪಾಲು ಪಡೆದು ಹೊರಗೆ ಹೋದರು. ಎರಡೂ ಮನೆಗಳಲ್ಲಿ ಭಾಗವಾದದ್ದು ಕೇಡೆಂದು ಹೇಳಲಾಗದು. ಅಸಮಾಧಾನವನ್ನು ಒಳಗೇ ಕುದಿಸಿ ಅಂಗಡಿಯನ್ನು ಒಡೆಯುವುದಕ್ಕಿಂತ, ಪಾಲನ್ನು ಗೊತ್ತುಮಾಡಿ ಬೇರೆಯಾಗುವುದೇ ಮೇಲು. ಹಿರಿಯನು ಬದುಕಿರುವಾಗಲೇ ಮುಂದೆ ಯಾರ ಮಾತು ನಡೆಯಬೇಕೆಂದು ಎಲ್ಲರ ಎದುರಿನಲ್ಲಿ ಹೇಳದಿದ್ದರೆ, ಅವನ ಮರಣದ ಮರುದಿನವೇ ಆ ಪ್ರಶ್ನೆ ಜಗುಲಿಗೆ ಬರುತ್ತದೆ.

ಈ ದೊಡ್ಡ ಮನೆತನಗಳ ಕಥೆಯಿಂದ ಕರ್ನಾಟಕಕ್ಕೆ ಬಂದರೆ ಚಿತ್ರ ಬೇರೆಯಾಗುತ್ತದೆ. ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿರುವ ಚನ್ನಪಟ್ಟಣವು ಗೊಂಬೆಗಳ ಊರೆಂದೇ ಖ್ಯಾತ. ಟಿಪ್ಪು ಸುಲ್ತಾನನು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಈ ಕಲೆಯನ್ನು ಕಲಿಸಿದನೆಂಬುದು ಪ್ರತೀತಿ. ಬಾವಾಸ್ ಮಿಯಾನ್ ಎಂಬ ಹಿರಿಯನು ಜಪಾನಿನ ತಂತ್ರವನ್ನು ಅಳವಡಿಸಿ ಇತರ ಕುಶಲಕರ್ಮಿಗಳಿಗೂ ಕಲಿಸಿದನೆಂದು ಊರು ಅವನನ್ನು ಸ್ಮರಿಸುತ್ತದೆ. ಕೆಲಸದ ಕ್ರಮ ಸರಳವಾಗಿ ಕಂಡರೂ ಕೈಗೆ ಬರಲು ವರ್ಷಗಳು ಬೇಕು. ಹಾಲೆ ಮರದ ಬೆಳ್ಳನೆಯ ಮೃದುವಾದ ತುಂಡನ್ನು ಒಣಗಿಸಿ, ತಿರುಗುವ ಯಂತ್ರಕ್ಕೆ ಕೊಟ್ಟು, ಉಳಿಯಿಂದ ಕಡೆಯುತ್ತಾರೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಳಿಕ ಕೇದಗೆ ಜಾತಿಯ ಗರಿಯಿಂದ ತಿಕ್ಕಿದರೆ ಹೊಳಪು ಬರುತ್ತದೆ. ಹಿಂದೂ ಮುಸ್ಲಿಂ ಎಂಬ ಭೇದವಿಲ್ಲದೆ ಎಷ್ಟೋ ಮನೆಗಳ ಗಂಡಸರೂ ಹೆಂಗಸರೂ ಇದರಿಂದ ಜೀವನ ನಡೆಸುತ್ತಾರೆ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಲೆಗೊ ಒಂದು ಮನೆತನದ ಸೊತ್ತು. ಹ್ಯಾಸ್‌ಬ್ರೊ ಎಂಬ ಹೆಸರೇ ಆ ಸಹೋದರರನ್ನು ಸೂಚಿಸುತ್ತದೆ. ಚನ್ನಪಟ್ಟಣದ ಗೊಂಬೆಗೆ ಇರುವುದು ಊರಿನ ಹೆಸರು. 2005-06ರಲ್ಲಿ ದೊರೆತ ಭೌಗೋಳಿಕ ಸೂಚಕದ ಮಾನ್ಯತೆಯೂ ಒಬ್ಬ ಯಜಮಾನನಿಗೆ ಸೇರಿದ್ದಲ್ಲ. ಆ ಊರಿನ ಕ್ರಮದಲ್ಲಿ ದುಡಿಯುವವರೆಲ್ಲರಿಗೂ ಸೇರಿದ್ದು. ಹೀಗಾಗಿ ಅದು ಅವಿಭಕ್ತ ಕುಟುಂಬದ ಆಸ್ತಿಯಂತೆ. ಎಲ್ಲರದಾದ್ದರಿಂದ ಎಲ್ಲರೂ ಅದರಿಂದ ಉಣ್ಣಬಹುದು. ಕಾಯುವ ಹಿರಿಯನೊಬ್ಬ ಇಲ್ಲದ್ದರಿಂದ ಯಾರು ಬೇಕಾದರೂ ಅದನ್ನು ಕರಗಿಸಲೂಬಹುದು. ಬೇರೆಲ್ಲೋ ಯಂತ್ರದಿಂದ ತಯಾರಾದ, ರಾಸಾಯನಿಕ ಬಣ್ಣ ಬಳಿದ ವಸ್ತುವನ್ನು ಚನ್ನಪಟ್ಟಣದ್ದೆಂದು ಮಾರಿದಾಗ, ಒಬ್ಬ ಕುಶಲಕರ್ಮಿಯು ಲೆಗೊ ಸಂಸ್ಥೆಯಂತೆ ಸುಪ್ರೀಂ ಕೋರ್ಟಿಗೆ ಹೋಗಲಾರನು. ಅವನು ಮಾಡಬಲ್ಲದ್ದು ಒಂದೇ, ತನ್ನ ಬೆಲೆಯನ್ನು ಇಳಿಸುವುದು. ಬೆಲೆ ಇಳಿದರೆ ಮಗನು ತಂದೆಯ ಯಂತ್ರದ ಮುಂದೆ ಕೂರದೆ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಆಗ ವಿದ್ಯೆಯ ಉತ್ತರಾಧಿಕಾರವೇ ಕಡಿದುಹೋಗುತ್ತದೆ.

ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಇದೇ ಪ್ರಶ್ನೆ ಇನ್ನೂ ಚಿಕ್ಕ ವೃತ್ತದಲ್ಲಿದೆ. ಅಲ್ಲಿನ ಗರುಡ, ಕಾಮಧೇನು, ಗೌರಿಯರ ಮೂರ್ತಿಗಳನ್ನು ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಮಾಡುತ್ತ ಬಂದಿವೆ. ಹಗುರವಾದ ಮರ, ಹುಣಸೆ ಬೀಜದ ಅಂಟು, ಮರದ ಪುಡಿ ಇವುಗಳ ಹದ ಗೊತ್ತಿರುವುದು ಆ ಮನೆಗಳಿಗೇ. ಅದೇ ಜಿಲ್ಲೆಯ ಭಾನಾಪುರದಲ್ಲಿ ಏಕಸ್ ಸಂಸ್ಥೆಯು ಸುಮಾರು 400 ಎಕರೆಗಳಲ್ಲಿ ಆಟಿಕೆಗಳ ಉತ್ಪಾದನಾ ಕೇಂದ್ರವನ್ನು ಕೈಗೊಂಡಿತು. 2020ರಲ್ಲಿ ಅದರ ಘೋಷಣೆಯಾಯಿತು. ದೊಡ್ಡ ಕಾರ್ಖಾನೆಯು ಕೆಲಸ ಕೊಡುತ್ತದೆ, ಅದು ಬೇಕಾದದ್ದೇ. ಆದರೆ ಕಾರ್ಖಾನೆಯ ಅಳತೆಗೋಲಿನಿಂದ ಕಿನ್ನಾಳದ ಮನೆಯನ್ನು ಅಳೆದು, ಇಷ್ಟು ಬೆಲೆಗೆ ಇಷ್ಟೇ ಗೊಂಬೆಯೇ ಎಂದು ಕೇಳುವುದು ನ್ಯಾಯವಲ್ಲ. ಒಂದು ಕಡೆ ಅಚ್ಚು ದುಡಿಯುತ್ತದೆ. ಇನ್ನೊಂದು ಕಡೆ ಅಜ್ಜನಿಂದ ಬಂದ ಕೈ ದುಡಿಯುತ್ತದೆ.

ಸರ್ಕಾರವು ತನ್ನ ಮಟ್ಟಿಗೆ ಕೆಲವು ರಕ್ಷಣೆಗಳನ್ನು ಒದಗಿಸಿದೆ. ವಿದೇಶಿ ಆಟಿಕೆಗಳ ಆಮದು ಸುಂಕವು 2020ರಲ್ಲಿ ಶೇಕಡಾ 20ರಿಂದ 60ಕ್ಕೂ 2023ರಲ್ಲಿ ಶೇಕಡಾ 70ಕ್ಕೂ ಏರಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುಣಮಟ್ಟದ ಗುರುತು ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಿಗೂ ಅದರಿಂದ ವಿನಾಯಿತಿ ದೊರೆಯಿತು. ಹೊರಗಿನ ಸರಕನ್ನು ಸುಂಕ ತಡೆಯಬಹುದು. ಒಳಗಿನ ನಕಲನ್ನು ತಡೆಯಬೇಕಾದವರು ಅಂಗಡಿಯವನೂ ಗಿರಾಕಿಯೂ.

ಈ ಸಂದರ್ಭದಲ್ಲಿ ಶ್ರಾವಕ ಓದುಗರು ಒಂದು ಆಕ್ಷೇಪವನ್ನು ಎತ್ತುವುದು ಸಹಜ. ಅರಗು ಕೀಟಜನ್ಯವಾದದ್ದು, ಅದನ್ನು ಕೊಂಬೆಗಳಿಂದ ಕೆರೆದು ತೆಗೆಯುವಾಗ ಜೀವಹಾನಿ ತಪ್ಪದು. ಶ್ರಾವಕನು ವರ್ಜಿಸಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಲಾಕ್ಷಾವಾಣಿಜ್ಯವೂ ಸೇರಿದೆ. ಹೀಗಿರುವಾಗ ಚನ್ನಪಟ್ಟಣದ ಗೊಂಬೆಯನ್ನು ಮಾರುವುದೂ ಕೊಳ್ಳುವುದೂ ಹೇಗೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವ್ರತಿಕನಾದವನು ಅರಗಿನ ವ್ಯಾಪಾರದಿಂದ ದೂರವಿರುವುದು ಅವನ ವ್ರತಕ್ಕೆ ಯೋಗ್ಯವೇ. ಆದರೆ ಅರಗನ್ನು ಬಿಟ್ಟೆನೆಂದು ಅಗ್ಗದ ಪ್ಲಾಸ್ಟಿಕ್ ಗೊಂಬೆಯನ್ನು ಕೊಂಡವನು ಹಿಂಸೆಯಿಂದ ಪಾರಾದೆನೆಂದು ನೆಮ್ಮದಿಪಡಬೇಕಾಗಿಲ್ಲ. ಆ ಗೊಂಬೆ ಮುರಿದು ಚರಂಡಿ ಸೇರಿದ ಮೇಲೆ ಹಸುಕರುಗಳ ಹೊಟ್ಟೆಗೂ ಹೊಳೆಯ ಮೀನಿಗೂ ಏನಾಗುತ್ತದೆಯೆಂಬ ವಿಚಾರ ಉಳಿದೇ ಇದೆ. ಅರಗು ಬೇಡವೆನ್ನುವವರು ಲೇಪವಿಲ್ಲದ ಬರಿಯ ಮರದ ಗೊಂಬೆಯನ್ನು ಕುಶಲಕರ್ಮಿಯಿಂದಲೇ ಹೇಳಿ ಮಾಡಿಸಬಹುದು. ಅದರಿಂದ ವ್ರತವೂ ಉಳಿಯುತ್ತದೆ, ಅವನ ಅನ್ನವೂ ಉಳಿಯುತ್ತದೆ. ಹಾಲೆ ಮರವನ್ನು ಕಡಿಯುವುದರ ಬಗೆಗೂ ಇದೇ ವಿವೇಕ ಬೇಕು: ಕಡಿದಷ್ಟನ್ನು ನೆಡುವ ಏರ್ಪಾಡಿಗೆ ಕೊಳ್ಳುವವನ ಬೆಲೆಯಲ್ಲಿ ಸ್ವಲ್ಪ ಪಾಲು ಇರಬೇಕು.

ಮನೆತನದ ಹಿರಿಯನಿಲ್ಲದ ಊರಿನ ಹೆಸರಿಗೆ ಹಿರಿಯನಾಗಿ ನಿಲ್ಲಬೇಕಾದವರು ಯಾರು? ಕುಶಲಕರ್ಮಿಗಳ ಸಂಘಗಳಿವೆ, ಸರ್ಕಾರದ ನಿಗಮವಿದೆ. ಆದರೆ ಪ್ರತಿ ದಿನದ ಕಾವಲು ಕೊಳ್ಳುವವನ ಕೈಯಲ್ಲಿದೆ. ಪಾಠಶಾಲೆಯ ಮಕ್ಕಳಿಗೆ ಬಹುಮಾನಗಳನ್ನು ಕೊಡುವ ಟ್ರಸ್ಟುಗಳಿವೆ. ಪಂಚಕಲ್ಯಾಣದಂಥ ಉತ್ಸವಗಳಲ್ಲಿ ನೂರಾರು ಮಕ್ಕಳಿಗೆ ಕಾಣಿಕೆ ಹಂಚುವ ದಾನಿಗಳಿದ್ದಾರೆ. ನಾಮಕರಣಕ್ಕೂ ಹುಟ್ಟುಹಬ್ಬಕ್ಕೂ ಆಟಿಕೆ ಕೊಳ್ಳುವ ಮನೆಗಳಿವೆ. ಇಂಥ ಖರೀದಿಗೆ ಕುಳಿತಾಗ ಕಾರ್ಯದರ್ಶಿಯು ಮೂರು ಪ್ರಶ್ನೆಗಳನ್ನು ಕೇಳಬಹುದು. ಇದು ನಿಜವಾಗಿ ಎಲ್ಲಿ ತಯಾರಾಯಿತು, ಮಾರುವವನು ಅದನ್ನು ಬರಹದಲ್ಲಿ ಕೊಡುವನೇ? ಕೊಟ್ಟ ಬೆಲೆಯಲ್ಲಿ ಮಾಡಿದವನಿಗೆ ಎಷ್ಟು ಸೇರುತ್ತದೆ? ಖರೀದಿಯ ಚೀಟಿಯಲ್ಲಿ ಬರೆದಿರುವುದೂ ಕೊಟ್ಟ ಹಣವೂ ಒಂದೇ ಆಗಿವೆಯೇ? ಮೊದಲನೆಯದು ನಕಲನ್ನು ತಡೆಯುತ್ತದೆ, ಎರಡನೆಯದು ವಿದ್ಯೆಯನ್ನು ಮುಂದಿನ ತಲೆಮಾರಿಗೆ ದಾಟಿಸುತ್ತದೆ, ಮೂರನೆಯದು ಕೇಳಿದವನನ್ನೇ ಕಾಪಾಡುತ್ತದೆ.

ಅಂಗಡಿಯ ಗಾದಿಯಲ್ಲಿ ಕುಳಿತ ಹಿರಿಯರಿಗೂ ಇಲ್ಲಿ ಕೆಲಸವಿದೆ. ಐವತ್ತು ರೂಪಾಯಿಯ ನಕಲಿನ ಪಕ್ಕದಲ್ಲಿ ಇನ್ನೂರು ರೂಪಾಯಿಯ ಅಸಲು ನಿಂತಾಗ, ಎರಡನ್ನೂ ಒಂದೇ ಹೆಸರಿನಲ್ಲಿ ಮಾರಿದರೆ ಲಾಭ ಹೆಚ್ಚೆಂದು ಮಗನು ಹೇಳಬಹುದು. ಯಾವುದು ಏನೆಂದು ಚೀಟಿ ಅಂಟಿಸಿ ಮಾರೆಂದು ತಂದೆ ಹೇಳಿದರೆ ಆ ದಿನದ ವ್ಯಾಪಾರ ಸ್ವಲ್ಪ ತಗ್ಗೀತು. ಆದರೆ ಮುಂದೆ ಆ ಮಗನೇ ಗಾದಿಗೆ ಕುಳಿತಾಗ ಅವನಿಗೆ ಉಳಿಯುವ ಬಂಡವಾಳದಲ್ಲಿ ಆ ಚೀಟಿಯೂ ಒಂದು ಭಾಗವಾಗಿರುತ್ತದೆ. ಆಟಿಕೆಯನ್ನು ಮಗುವು ಮರೆಯುತ್ತದೆ. ಮನೆಯಲ್ಲಿ ವ್ಯಾಪಾರ ಹೇಗೆ ನಡೆಯಿತೆಂಬುದನ್ನು ಮಾತ್ರ ಅದು ಮರೆಯುವುದಿಲ್ಲ.